ಹೆಲ್ಮೆಟ್ ಸ್ಪೀಕರ್ ಸೌಂಡ್ ಸಾಲ್ತಿಲ್ವಾ? ಹೊಸಾದು ತಗೊಳ್ಳೋಕೆ ಮುಂಚೆ ಇದನ್ನ ನೋಡಿ

ತುಮಕೂರಲ್ಲಿ ಈಗ ಬ್ಲೂಟೂತ್ ಹಾಕ್ಸಿರೋ ಹೆಲ್ಮೆಟ್ ಕಾಮನ್ ಆಗ್ಬಿಟ್ಟಿದೆ. ದಾಬಸ್‌ಪೇಟೆ, ನೆಲಮಂಗಲ, ಪೀಣ್ಯ ಅಂತ ದಿನಾ ಬೈಕಲ್ಲೇ ಡ್ಯೂಟಿಗೆ ಹೋಗಿ ಬರೋರು, ಭಾನುವಾರ ಬೆಳಗ್ಗೆ ದೇವರಾಯನದುರ್ಗ ಹತ್ತೋ ಹುಡುಗ್ರು, ಹೊಟ್ಟೆಪಾಡಿಗೆ ಇಡೀ ದಿನ ಪಾರ್ಸಲ್ ಹೊತ್ಕೊಂಡು ಸುತ್ತೋರು, ಎಲ್ರ ಬಾಯಲ್ಲೂ ಒಂದೇ ಕಂಪ್ಲೇಂಟು: ಮನೇಲಿ ಕೂತು ಹಾಕ್ಕೊಂಡ್ರೆ ಸಖತ್ತಾಗಿ ಕೇಳ್ಸುತ್ತೆ, ಬಿ.ಎಚ್. ರೋಡಲ್ಲೂ ಪರ್ವಾಗಿಲ್ಲ, ಕ್ಯಾತ್ಸಂದ್ರ ದಾಟಿ ಹೈವೇಲಿ ಸ್ವಲ್ಪ ಎಳೆದ್ರೆ ಮುಗೀತು, ಬೇಸ್ ಮಾಯ, ಹಾಡೋರ ದನಿ ಎಲ್ಲೋ ದೂರದಲ್ಲಿ ಕಿರುಚಿದಂಗೆ, ಮ್ಯಾಪ್ಸ್ ಹುಡುಗಿ ಎಡಕ್ಕೆ ಅಂದ್ಲೋ ಬಲಕ್ಕೆ ಅಂದ್ಲೋ ದೇವ್ರಿಗೇ ಗೊತ್ತು. ಆಮೇಲೆ ಎಲ್ರೂ ಮಾಡೋದೂ ಒಂದೇ, ವಾಲ್ಯೂಮ್ ಫುಲ್ ಮಾಡೋದು, ಅದೂ ಸಾಲ್ದಿದ್ರೆ ಇನ್ನೂ ಜಾಸ್ತಿ ದುಡ್ಡಿಂದು ಆರ್ಡರ್ ಹಾಕೋದು.

ಹೊಸಾದು ಬರುತ್ತೆ, ಅದನ್ನೂ ಹಳೇದಿದ್ದ ಜಾಗಕ್ಕೇ ಅಂಟಿಸ್ತಾರೆ, ಅದೂ ಅಷ್ಟೇ ಕೇಳ್ಸುತ್ತೆ. ಯಾಕಂದ್ರೆ ಹೆಚ್ಚಿನ ಸಲ ತೊಂದ್ರೆ ಸ್ಪೀಕರಲ್ಲಿ ಇರೋದೇ ಇಲ್ಲ. ಆ ಸ್ಪೀಕರ್ರು ನಿಮ್ಮ ಕಿವಿ ತೂತಿಂದ ಎಷ್ಟು ದೂರ, ಯಾವ ದಿಕ್ಕಲ್ಲಿದೆ, ಹೆಲ್ಮೆಟ್ ಒಳಗೆ ಗಾಳಿ ಎಷ್ಟು ಗಲಾಟೆ ಮಾಡ್ತಿದೆ, ಸೌಂಡಿನ ಹಣೆಬರಹ ಬರೆಯೋದು ಇವೇ. ಬಾಕ್ಸ್ ಮೇಲೆ ಬರೆದಿರೋ ಎಚ್‌ಡಿ, ಡೀಪ್ ಬೇಸ್ ಎಲ್ಲಾ ಆಮೇಲಿನ ಮಾತು.

ಮೊದ್ಲು ಗಾಳಿ ವಿಷ್ಯ. ಟೌನ್‌ಹಾಲ್ ಸರ್ಕಲ್ ಹತ್ರ ಮೂವತ್ತು ನಲವತ್ತರಲ್ಲಿ ಹೋಗ್ತಿದ್ರೆ ನಿಮ್ಗೆ ಕೇಳ್ಸೋದು ಎಂಜಿನ್ನು, ಹಾರ್ನು, ಪಕ್ಕದ ಬಸ್ಸು. ಸ್ಪೀಡು 60-65 ದಾಟ್ತಿದ್ದಂಗೆ ಎಂಜಿನ್ನಿಗಿಂತ ಗಾಳಿ ಶಬ್ದಾನೇ ಜಾಸ್ತಿ ಆಗೋಕೆ ಶುರುವಾಗುತ್ತೆ. 80ರಲ್ಲಿ ಹೆಲ್ಮೆಟ್ ಒಳಗೆ, ಕಿವಿ ಹತ್ರ, ಸುಮಾರು 90 ಡೆಸಿಬಲ್ ಇರುತ್ತೆ, 100ಕ್ಕೆ 95ರ ಆಸುಪಾಸು, ಅದಕ್ಕಿಂತ ಮೇಲೆ ಹೋದ್ರೆ 100 ಡೆಸಿಬಲ್ಲೂ ದಾಟುತ್ತೆ. ಹೆಲ್ಮೆಟ್ ಮೇಲೆ, ಬೈಕ್ ಮೇಲೆ, ನಿಮ್ಮ ಎತ್ತರದ ಮೇಲೆ ಐದಾರು ಡೆಸಿಬಲ್ ಆ ಕಡೆ ಈ ಕಡೆ ಆಗ್ಬೋದು, ಆದ್ರೆ ಲೆಕ್ಕ ಹೆಚ್ಚುಕಮ್ಮಿ ಇದೇ. ಒಳ್ಳೆ ದುಬಾರಿ ಹೆಲ್ಮೆಟ್ಟೂ ಇದ್ರಿಂದ ಪೂರ್ತಿ ತಪ್ಪಿಸ್ಕೊಳ್ಳಲ್ಲ.

ಇಲ್ಲಿ ಡೆಸಿಬಲ್ ಅಂದ್ರೇನು ಅಂತ ಒಂಚೂರು ತಿಳ್ಕೊಂಡ್ರೆ ಮುಂದಿಂದೆಲ್ಲಾ ಸಲೀಸು. ಅದು ಕಿಲೋ, ಲೀಟರ್ ತರ ನೇರ ಅಳತೆ ಅಲ್ಲ. 10 ಡೆಸಿಬಲ್ ಜಾಸ್ತಿ ಅಂದ್ರೆ ಹತ್ತು ಪಟ್ಟು ಪವರ್ರು, ಆದ್ರೆ ನಮ್ಮ ಕಿವಿಗೆ ಅದು ಸುಮಾರು ಎರಡು ಪಟ್ಟು ಜೋರು ಅನ್ನಿಸುತ್ತೆ ಅಷ್ಟೇ. 3 ಡೆಸಿಬಲ್ ಅಂದ್ರೆ ಎರಡು ಪಟ್ಟು ಪವರ್, 6 ಅಂದ್ರೆ ನಾಲ್ಕು ಪಟ್ಟು. ಈಗ ನೋಡಿ, ಸ್ಪೀಡು ಡಬಲ್ ಆದ್ರೆ ಗಾಳಿ ಶಬ್ದ ಹದಿನೈದು ಡೆಸಿಬಲ್ ಅಥವಾ ಅದಕ್ಕೂ ಜಾಸ್ತಿ ಏರುತ್ತೆ. ಅಂದ್ರೆ 50ರಲ್ಲಿ ಚೆನ್ನಾಗಿ ಕೇಳ್ತಿದ್ದ ಹಾಡು 100ರಲ್ಲೂ ಅಷ್ಟೇ ಚೆನ್ನಾಗಿ ಕೇಳ್ಬೇಕು ಅಂದ್ರೆ ಸ್ಪೀಕರಿಗೆ ಮೂವತ್ತು ಪಟ್ಟು ಪವರ್ ಕೊಡ್ಬೇಕು. ಆ ಬೆಂಕಿಪೊಟ್ಟಣದಷ್ಟಿರೋ ಬ್ಯಾಟರಿ ಎಲ್ಲಿಂದ ತರುತ್ತೆ ಅಷ್ಟೊಂದು? ವಾಲ್ಯೂಮ್ ಬಟನ್ ಒತ್ತಿ ಒತ್ತಿ ಗೆಲ್ಲೋ ಆಟ ಅಲ್ಲ ಇದು.

ಇನ್ನೊಂದು ಏನಂದ್ರೆ ಈ ಗಾಳಿ ಶಬ್ದ ಬಹುತೇಕ ಕೆಳಗಿನ ಫ್ರೀಕ್ವೆನ್ಸಿದು, ಗುಂಯ್ ಅನ್ನೋದಲ್ವಾ ಅದು, ಸೆಕೆಂಡಿಗೆ ಎಷ್ಟು ಸಲ ಅದುರುತ್ತೆ ಅನ್ನೋ ಹರ್ಟ್ಸ್ ಲೆಕ್ಕದಲ್ಲಿ 500 ಹರ್ಟ್ಸ್‌ಗಿಂತ ಕೆಳಗೇ ಅದರ ಜೋರೆಲ್ಲಾ. ಬೇಸೂ ಅಲ್ಲೇ ಇರೋದ್ರಿಂದ ಮೊದ್ಲು ಸಾಯೋದು ಬೇಸು. ಆದ್ರೆ ಅಷ್ಟಕ್ಕೇ ಬಿಡಲ್ಲ, ಕೆಳಗಿನ ಶಬ್ದ ತುಂಬಾ ಜೋರಾದಾಗ ಅದು ತನಗಿಂತ ಮೇಲಿರೋ ಫ್ರೀಕ್ವೆನ್ಸಿಗಳನ್ನೂ ಕಿವಿ ಒಳಗೆ ಮುಚ್ಚಾಕ್ಬಿಡುತ್ತೆ, ನಮ್ಮ ಕಿವಿ ಕಟ್ಟಿರೋದೇ ಹಾಗೆ. ಜಾತ್ರೇಲಿ ತಮಟೆ ಬಡೀತಿರೋವಾಗ ಪಕ್ಕದಲ್ಲೇ ನಿಂತಿರೋ ಫ್ರೆಂಡು ಎಷ್ಟು ಕೂಗಿದ್ರೂ ತುಟಿ ಆಡೋದು ಕಾಣುತ್ತೆ ಹೊರತು ಮಾತು ಕೇಳಲ್ಲ. ಆಗ ಏನ್ ಮಾಡ್ತೀವಿ? ಒಂದೋ ತಮಟೆಯಿಂದ ನಾಲ್ಕು ಹೆಜ್ಜೆ ಆಚೆ ಬರ್ತೀವಿ, ಇಲ್ಲಾ ಕಿವಿ ಹತ್ರ ಬಾಯಿ ತಂದು ಮಾತಾಡ್ತೀವಿ. ಹೆಲ್ಮೆಟ್ಟಲ್ಲೂ ಇರೋ ದಾರಿ ಈ ಎರಡೇ, ಗಾಳಿ ಗಲಾಟೆ ಕಮ್ಮಿ ಮಾಡೋದು, ಸ್ಪೀಕರನ್ನ ಕಿವಿ ಹತ್ರ ತರೋದು.

ಗಾಳಿ ಎಲ್ಲಿಂದ ಬರುತ್ತೆ ಅಂದ್ರೆ ಎಲ್ರೂ ತೋರ್ಸೋದು ಮೇಲಿನ ವೆಂಟು, ಗ್ಲಾಸು. ಅವೂ ಸ್ವಲ್ಪ ಮಾಡ್ತವೆ, ಇಲ್ಲ ಅಂತಲ್ಲ. ಆದ್ರೆ ದೊಡ್ಡ ಕಳ್ಳ ಇರೋದು ಕೆಳಗೆ, ಗದ್ದದ ಕೆಳಗಿನ ಗ್ಯಾಪು ಮತ್ತೆ ಕುತ್ತಿಗೆ ಸುತ್ತ. ಹೆಲ್ಮೆಟ್ಟಿನ ಕೆಳ ಅಂಚಲ್ಲಿ ಗಾಳಿ ಸುಳಿ ಸುಳಿಯಾಗಿ ಒಡೆಯುತ್ತೆ, ಆ ಸುಳಿಗಳ ಗುಂಯ್ ನೇರ ಒಳಗೆ ನುಗ್ಗುತ್ತೆ. ನಂಬಿಕೆ ಇಲ್ಲ ಅಂದ್ರೆ ಒಂದು ಸಲ ಫ್ರೆಂಡ್ ಹಿಂದೆ ಕೂತ್ಕೊಂಡು ಹೋಗೋವಾಗ ಹೈವೇಲಿ ಅಂಗೈಯಿಂದ ಗದ್ದದ ಕೆಳಗಿನ ಜಾಗ ಮುಚ್ಚಿ ನೋಡಿ, ಶಬ್ದ ಬದಲಾಗೋದು ನಿಮ್ಗೇ ಗೊತ್ತಾಗುತ್ತೆ. ಬೈಕ್ ಓಡಿಸ್ತಾ ಇದನ್ನ ಮಾಡೋಕೆ ಹೋಗ್ಬೇಡಿ ಮತ್ತೆ.

ಹಂಗಾಗಿ ಗದ್ದದ ಕೆಳಗೆ ಹಾಕೋ ಚಿನ್ ಕರ್ಟನ್ ಅಂತ ಒಂದು ಬಟ್ಟೆ ಪೀಸ್ ಬರುತ್ತಲ್ಲ, ಕೆಲವು ಹೆಲ್ಮೆಟ್ ಜೊತೆ ಬಾಕ್ಸಲ್ಲೇ ಇರುತ್ತೆ, ಯಾರೂ ಹಾಕಲ್ಲ, ಅದನ್ನ ಹುಡುಕಿ ಹಾಕಿ. ಅದಿಲ್ಲ ಅಂದ್ರೆ ಕುತ್ತಿಗೆಗೆ ಒಂದು ಬಫ್ಫೋ ಮಫ್ಲರೋ ಒಳಗೆ ಸಿಗ್ಸಿ, ಅಂಚು ಹೊರಗೆ ಪಟಪಟ ಅನ್ನದಂಗೆ. ಹಳೇ ಹೆಲ್ಮೆಟ್ಟಲ್ಲಿ ಚೀಕ್ ಪ್ಯಾಡು ಸವೆದು ಕೆನ್ನೆಗೆ ತಾಗ್ತಾನೇ ಇರಲ್ಲ, ತಲೆ ಒಳಗೆ ಲೊಡಲೊಡ ಆಡ್ತಿರುತ್ತೆ, ಅಲ್ಲೆಲ್ಲಾ ಗಾಳಿಗೆ ದಾರಿ. ಪ್ಯಾಡು ಬೇರೆ ಸಿಕ್ಕಿದ್ರೆ ಹಾಕ್ಸಿ, ಸಿಗಲ್ಲ ಅಂದ್ರೆ ಹೆಲ್ಮೆಟ್ಟೇ ರಿಟೈರ್ ಆಗೋ ಟೈಮ್ ಬಂದಿದೆ ಅಂತ ಅರ್ಥ, ಸೌಂಡಿಗಲ್ಲ, ತಲೆ ಉಳಿಸ್ಕೊಳ್ಳೋಕೆ. ಗ್ಲಾಸ್ ಒಂದು ಗೆರೆ ತೆಗೆದು ಓಡಿಸೋ ಅಭ್ಯಾಸ ಇದ್ರೆ ಅದು ಸೀಟಿ ಹೊಡೆಯುತ್ತೆ. ಹಾಫ್ ಹೆಲ್ಮೆಟ್ಟಿಗೆ ಸ್ಪೀಕರ್ ಹಾಕ್ಸಿ ಹೈವೇಲಿ ಹಾಡು ಕೇಳ್ಬೇಕು ಅನ್ನೋರಿಗೆ ನನ್ನ ಹತ್ರ ಉತ್ತರ ಇಲ್ಲ ಕಣ್ರೀ.

ಬೈಕಿಗೆ ಮುಂದೆ ವಿಂಡ್‌ಶೀಲ್ಡ್ ಇದ್ರೆ ಗಾಳಿ ಕಮ್ಮಿ ಆಗ್ಬೇಕಲ್ವಾ ಅಂತ ಕೇಳ್ತಾರೆ. ಎದೆಗೆ ಬಡಿಯೋದು ಕಮ್ಮಿ ಆಗುತ್ತೆ ನಿಜ, ಆದ್ರೆ ಶೀಲ್ಡಿನ ತುದಿಯಿಂದ ಎದ್ದ ಗಾಳಿ ಸುಳಿ ಸರಿಯಾಗಿ ನಿಮ್ಮ ಹೆಲ್ಮೆಟ್ಟಿಗೇ ಬಂದು ಬಡೀತಿದ್ರೆ ಶಬ್ದ ಮುಂಚೆಗಿಂತ ಜಾಸ್ತಿ. ಓಡಿಸ್ತಾ ತಲೆ ಒಂದಿಂಚು ಬಗ್ಗಿಸಿದ್ರೋ ಎತ್ತಿದ್ರೋ ಶಬ್ದ ದಿಢೀರ್ ಅಂತ ಬದಲಾಗುತ್ತಾ, ಹಂಗಾದ್ರೆ ಶೀಲ್ಡೇ ಕಾರಣ, ಅದರ ಎತ್ತರ ಇಲ್ಲಾ ಬಾಗು ಬದಲಿಸ್ಬೇಕು. ಹೆಲ್ಮೆಟ್ ಹೊರಗೆ ಅಂಟಿಸಿರೋ ಬ್ಲೂಟೂತ್ ಡಬ್ಬಿ, ಕ್ಯಾಮೆರಾ ಮೌಂಟು, ಇವೂ ಗಾಳಿಗೆ ಅಡ್ಡ ಸಿಕ್ಕಿ ಸುಳಿ ಎಬ್ಬಿಸ್ತವೆ.

ಈಗ ಸ್ಪೀಕರ್ ಕಡೆ ಬರೋಣ, ಮಜಾ ಇರೋದು ಇಲ್ಲೇ. ಸಾಮಾನ್ಯವಾಗಿ ಹೆಲ್ಮೆಟ್ಟಿಗೆ ಹಾಕೋದು 40 ಮಿ.ಮೀ. ಅಗಲದ ತೆಳ್ಳನೆ ಬಿಲ್ಲೆ. ಬಟ್ಟೆ ಒಳಗಿಂದ ತೆಗೆದು ಕೈಯಲ್ಲಿ ಹಿಡ್ಕೊಂಡು ಹಾಡು ಹಾಕಿ, ಕಿವಿಯಿಂದ ಒಂದು ಗೇಣು ದೂರ ಇಡಿ, ಬರೀ ಚಿಂಯ್ ಚಿಂಯ್. ಈಗ ಅದನ್ನೇ ಅಂಗೈ ಬಟ್ಟಲು ಮಾಡಿ ಅದರೊಳಗೆ ಇಟ್ಟು ಕಿವಿಗೆ ಗಟ್ಟಿಯಾಗಿ ಮುಚ್ಚಿ. ಎಲ್ಲಿತ್ತೋ ಬೇಸು, ದಬ್ ಅಂತ ಬಂತು. ಸ್ಪೀಕರ್ ಅದೇ, ಹಾಡು ಅದೇ, ವಾಲ್ಯೂಮ್ ಅದೇ. ಈ ಖರ್ಚಿಲ್ಲದ ಎಕ್ಸ್‌ಪೆರಿಮೆಂಟ್ ಮಾಡಿದ್ರೆ ಇಡೀ ಸಮಸ್ಯೆ ಅರ್ಥ ಆಗ್ಬಿಡುತ್ತೆ.

ಏನಾಗುತ್ತೆ ಅಂದ್ರೆ, ಸ್ಪೀಕರ್ ಒಳಗೆ ಅದುರೋ ತೆಳ್ಳನೆ ಹಾಳೆ ಮುಂದಕ್ಕೆ ತಳ್ಳಿದಾಗ ಮುಂದಿನ ಗಾಳಿ ಒತ್ತಾಗುತ್ತೆ, ಅದೇ ಹೊತ್ತಿಗೆ ಹಿಂದೆ ಗಾಳಿ ಸಡಿಲ ಆಗುತ್ತೆ. ಬೇಸ್ ಅಲೆ ತುಂಬಾ ಉದ್ದ, 100 ಹರ್ಟ್ಸ್ ಅಂದ್ರೆ ಸುಮಾರು 3.4 ಮೀಟರ್ ಉದ್ದದ ಅಲೆ, ಅದಕ್ಕೆ ಈ ನಾಲ್ಕು ಸೆಂಟಿಮೀಟರ್ ಬಿಲ್ಲೆ ಯಾವ ಅಡ್ಡಗೋಡೆನೂ ಅಲ್ಲ. ಹಿಂದಿನ ಅಲೆ ಸುತ್ತಿ ಮುಂದಕ್ಕೆ ಬಂದು ಮುಂದಿನದನ್ನ ತಿಂದ್ಹಾಕುತ್ತೆ, ಪ್ಲಸ್ ಮೈನಸ್ ಸೇರಿ ಸೊನ್ನೆ. ಹೆಡ್‌ಫೋನಲ್ಲಿ ಕಿವಿ ಸುತ್ತ ಮೆತ್ತೆ ಕೂತು ಸೀಲ್ ಆಗೋದ್ರಿಂದ, ಇಯರ್‌ಫೋನಲ್ಲಿ ರಬ್ಬರ್ ತುದಿ ತೂತನ್ನೇ ಮುಚ್ಚೋದ್ರಿಂದ, ಹಿಂದಿಂದು ಮುಂದಕ್ಕೆ ಬರೋಕಾಗಲ್ಲ, ಒಳಗಿರೋ ಚೂರು ಗಾಳಿನೇ ಒತ್ತಿ ಬಿಡ್ತಾ ಬೇಸ್ ಕೊಡುತ್ತೆ. ಹೆಲ್ಮೆಟ್ಟಲ್ಲಿ ಆ ಸೀಲು ಇಲ್ಲ. ಹಂಗಾಗಿ ಹೆಲ್ಮೆಟ್ ಸ್ಪೀಕರ್ ಹೋಮ್ ಥಿಯೇಟರ್ ತರ ಗುಮ್ಮುತ್ತೆ ಅಂತ ಯಾರಾದ್ರೂ ಮಾರಿದ್ರೆ ನಕ್ಕು ಮುಂದೆ ಹೋಗಿ.

ಪೂರ್ತಿ ಸೀಲ್ ಮಾಡೋಕಾಗಲ್ಲ, ಮಾಡ್ಲೂಬಾರ್ದು, ಕಿವಿ ಉಸಿರಾಡ್ಬೇಕು, ಹೊರಗಿನ ಹಾರ್ನೂ ಕೇಳ್ಬೇಕು. ಆದ್ರೆ ಹತ್ರ ತಂದಷ್ಟೂ, ಸುತ್ತ ಗ್ಯಾಪ್ ಕಮ್ಮಿ ಮಾಡಿದಷ್ಟೂ ಲಾಭ. ಸ್ಪೀಕರ್ ಸುತ್ತ ಬಳೆ ತರ ಮೆತ್ತನೆ ಸ್ಪಾಂಜ್ ಕತ್ತರಿಸಿ ಹಾಕಿದ್ರೆ ಅದು ಕಿವಿ ಸುತ್ತ ಕೂತು ಅರ್ಧಂಬರ್ಧ ಸೀಲ್ ಆಗುತ್ತೆ. ದೂರದ ಲೆಕ್ಕ ಹೇಳ್ಬೇಕಂದ್ರೆ, ದೂರ ಅರ್ಧ ಆದ್ರೆ ಅಂದಾಜು 6 ಡೆಸಿಬಲ್ ತನಕ ಸಿಗ್ಬೋದು, ಅಷ್ಟೇ ಸೌಂಡು ಆಂಪಿಂದ, ಅಂದ್ರೆ ಸ್ಪೀಕರಿಗೆ ಪವರ್ ಕೊಡೋ ಆಂಪ್ಲಿಫೈಯರಿಂದ, ಬೇಕು ಅಂದ್ರೆ ನಾಲ್ಕು ಪಟ್ಟು ಪವರ್ ಬೇಕಿತ್ತು, ಇಲ್ಲಿ ಒಂದು ಚೂರು ಸ್ಪಾಂಜಿಗೆ ಬಂತು.

ಬರೀ ಹತ್ರ ಇದ್ರೆ ಸಾಲ್ದು, ಮುಖ ಕಿವಿ ತೂತಿನ ಕಡೆಗೇ ಇರ್ಬೇಕು. ಬೇಸ್ ಅಲೆ ಎಲ್ಲಾ ಕಡೆ ಹರಡುತ್ತೆ, ಆದ್ರೆ 8000 ಹರ್ಟ್ಸ್ ಅಲೆಯ ಉದ್ದ ಸುಮಾರು ನಾಲ್ಕೇ ಸೆಂಟಿಮೀಟರು, ಅದು ಟಾರ್ಚ್ ಬಿಟ್ಟಂಗೆ ನೇರ ಹೋಗುತ್ತೆ, ಪಕ್ಕಕ್ಕೆ ತಿರುಗಲ್ಲ. ಸ್ಪೀಕರು ಕಿವಿ ಹಾಲೆಗೋ ದವಡೆಗೋ ಹಾಡ್ತಾ ಕೂತಿದ್ರೆ ಸ, ಶ, ಚ, ತ ಥರದ ಅಕ್ಷರಗಳ ಚುರುಕೆಲ್ಲಾ ಅಲ್ಲೇ ಉಳ್ಕೊಳ್ಳುತ್ತೆ, ನಿಮ್ಗೆ ಕೇಳೋದು ಬಾಯಿಗೆ ಕರ್ಚೀಫ್ ಕಟ್ಕೊಂಡಿರೋರ ಮಾತು. ಒಂದು ಸೆಂಟಿಮೀಟರ್ ಜರುಗಿಸಿದ್ರೂ ವ್ಯತ್ಯಾಸ ಗೊತ್ತಾಗುತ್ತೆ.

ಜಾಗ ಹುಡುಕೋದು ಹೆಂಗೆ? ಹೆಲ್ಮೆಟ್ ಒಳಗೆ ಕಿವಿಗೆ ಅಂತ ಗುಂಡನೆ ಹಳ್ಳ ಇರುತ್ತಲ್ಲ, ಅದರ ಮಧ್ಯಕ್ಕೆ ಅಂಟಿಸಿದ್ರೆ ಆಯ್ತು ಅಂತ ಅಂಗಡಿಯವ್ರು ಅಂಟಿಸಿ ಕಳಿಸ್ತಾರೆ. ಆ ಹಳ್ಳ ಎಲ್ಲಾ ತಲೆಗೂ ಸೇರಿಸಿ ಮಾಡಿರೋದು, ನಿಮ್ಮ ಕಿವಿ ಅದರ ಮಧ್ಯಕ್ಕೇ ಬರುತ್ತೆ ಅಂತ ಗ್ಯಾರಂಟಿ ಏನಿಲ್ಲ. ಒಂದು ಉಪಾಯ ಇದೆ. ಕಿವಿ ತೂತಿನ ಮುಂದೆ ಪುಟ್ಟ ಗಿಣ್ಣು ತರ ಇರುತ್ತಲ್ಲ, ಅದಕ್ಕೆ ಒದ್ದೆ ಕುಂಕುಮ ಒಂದು ಬೊಟ್ಟು ಇಟ್ಟು, ಹೆಲ್ಮೆಟ್ ಎರಡೂ ಕಡೆ ಅಗಲಿಸಿ ಹಿಡಿದು ಕಿವಿಗೆ ಉಜ್ಜದಂಗೆ ಹಾಕಿ, ಕೆನ್ನೆ ಹೊರಗಿಂದ ಒಂದ್ಸಲ ಒತ್ತಿ ತೆಗೀರಿ. ಒಳಬಟ್ಟೆ ಮೇಲೆ ಕೆಂಪು ಗುರುತು ಬಿದ್ದಿರುತ್ತೆ, ಸ್ವಲ್ಪ ಬಳ್ಕೊಂಡಿದ್ರೆ ಎಲ್ಲಿ ಜಾಸ್ತಿ ಮೆತ್ತಿದೆಯೋ ಅದೇ ಜಾಗ. ಎಡ ಬಲ ಎರಡೂ ಬೇರೆ ಬೇರೆ ಮಾಡಿ, ಎರಡು ಕಿವಿ ಒಂದೇ ಎತ್ತರದಲ್ಲಿ ಇರೋದು ಕಮ್ಮಿನೇ. ಕಲೆ ಆಗುತ್ತೆ ಅಂತ ಬೇಜಾರಿದ್ರೆ ವಿಭೂತಿ ಇದೆ, ಒಗೆದ್ರೆ ಹೋಗುತ್ತೆ.

ಇನ್ನೊಂದು ದಾರಿ, ವೆಲ್ಕ್ರೋ ಮೇಲೆ ಸಡಿಲವಾಗಿ ಇಟ್ಟು ಹಾಡು ಹಾಕ್ಕೊಂಡು, ಹೆಲ್ಮೆಟ್ ತೊಟ್ಟೇ ಕೆಳಗಿಂದ ಬೆರಳು ತೂರಿಸಿ ಸ್ಪೀಕರನ್ನ ಹಿಂದೆ ಮುಂದೆ ಮೇಲೆ ಕೆಳಗೆ ಜರುಗಿಸ್ತಾ ಹೋಗೋದು, ಎಲ್ಲಿ ಮಾತು ಇದ್ದಕ್ಕಿದ್ದಂಗೆ ತಿಳಿಯಾಗುತ್ತೋ ಅಲ್ಲಿ ನಿಲ್ಸೋದು. ಬೆರಳು ಹೋಗೋವಷ್ಟು ಜಾಗ ಇರೋ ಹೆಲ್ಮೆಟ್ಟಿಗೆ ಮಾತ್ರ ಇದು ಆಗೋದು, ಮುಂಭಾಗ ಎತ್ತೋ ಮಾಡೆಲ್ ಆದ್ರೆ ಸುಲಭ.

ಜಾಗ ಸಿಕ್ಕಿದ್ಮೇಲೆ ಆಳ. ಕಿಟ್ ಜೊತೆ ಕಪ್ಪು ಸ್ಪಾಂಜಿನ ದಪ್ಪ ಬಿಲ್ಲೆಗಳು ಕೊಟ್ಟಿರ್ತಾರೆ, ಬಹಳ ಜನ ಪ್ಯಾಕಿಂಗ್ ಅಂದ್ಕೊಂಡು ಕಸಕ್ಕೆ ಹಾಕ್ತಾರೆ. ಅವು ಸ್ಪೀಕರಿನ ಬೆನ್ನಿಗೆ ಇಡೋಕೆ, ಹಳ್ಳದಲ್ಲಿ ಹೂತೋಗಿರೋದನ್ನ ಕಿವಿ ಹತ್ರ ತಳ್ಳೋಕೆ. ಸ್ಪೀಕರ್ ಕಿವಿಗೆ ತಾಗಿಯೂ ತಾಗದಂಗೆ ಇರ್ಬೇಕು. ಒತ್ತಿದ್ರೆ ಸೌಂಡ್ ಸೂಪರ್ರಾಗಿರುತ್ತೆ, ಆದ್ರೆ ಶಿರಾ ಮುಟ್ಟೋ ಹೊತ್ತಿಗೆ ಕಿವಿ ಕೆಂಪಗೆ ಕಾದ ಕಬ್ಬಿಣ ಆಗಿರುತ್ತೆ, ನೋವಲ್ಲಿ ಯಾವ ಹಾಡೂ ರುಚಿಸಲ್ಲ.

ಇಲ್ಲಿ ಕೆಲವರು ಒಂದು ಅಪಾಯದ ಕೆಲ್ಸ ಮಾಡ್ತಾರೆ. ಹಳ್ಳ ಇಲ್ಲ ಇಲ್ಲಾ ಸಾಲಲ್ಲ ಅಂತ ಒಳಗಿನ ಥರ್ಮಾಕೋಲನ್ನ ಚಾಕೂಲೋ ಬಿಸಿ ಚಮಚದಲ್ಲೋ ಕೆರೆದು ಸ್ಪೀಕರಿಗೆ ಜಾಗ ಮಾಡ್ತಾರೆ. ದಯವಿಟ್ಟು ಬೇಡ. ಬಿದ್ದಾಗ ತಲೆ ಉಳಿಸೋದು ಹೊರಗಿನ ಚಿಪ್ಪಿಗಿಂತ ಆ ಥರ್ಮಾಕೋಲೇ, ಅದು ನಜ್ಜುಗುಜ್ಜಾಗಿ ಏಟಿನ ಜೋರನ್ನ ತಾನು ತಿನ್ನುತ್ತೆ. ಅದು ಪೂರ್ತಿ ದಪ್ಪ ಇದ್ದಾಗಲೇ ಹೆಲ್ಮೆಟ್ಟಿನ ಭಾರತೀಯ ಮಾನದಂಡ ಐ.ಎಸ್. 4151ರ ಟೆಸ್ಟ್ ಪಾಸಾಗಿ ಐ.ಎಸ್.ಐ. ಗುರುತು ಬಂದಿರೋದು, 2021ರ ಜೂನಿಂದ ಆ ಗುರುತಿಲ್ಲದ ಟೂವೀಲರ್ ಹೆಲ್ಮೆಟ್ ಮಾರೋ ಹಾಗೇ ಇಲ್ಲ. ನೀವು ಕೆರೆದ ಮೇಲೆ ಆ ಗುರುತಿಗೆ ಬೆಲೆ ಇಲ್ಲ. ಹಳ್ಳ ಇಲ್ಲದ ಹೆಲ್ಮೆಟ್ಟಿಗೆ ತೆಳ್ಳನೆ ಸ್ಪೀಕರ್ ಹುಡುಕಿ, ಇಲ್ಲಾಂದ್ರೆ ಮುಂದಿನ ಹೆಲ್ಮೆಟ್ ತಗೊಳ್ಳೋವಾಗ ಕಿವಿ ಜಾಗ ನೋಡಿ ತಗೊಳ್ಳಿ, ಬಣ್ಣ ಗ್ರಾಫಿಕ್ಸ್ ಆಮೇಲೆ.

ಈಗ ಹೇಳೋದನ್ನ ಕೇಳಿದ್ರೆ ತಲೆ ಕೆಟ್ಟಿದೆಯಾ ಅಂತೀರ: ಹಾಡು ಚೆನ್ನಾಗಿ ಕೇಳ್ಬೇಕಾ, ಕಿವಿಗೆ ಬೆಂಡು ಹಾಕ್ಕೊಳ್ಳಿ. ಮೆಡಿಕಲ್ ಶಾಪಲ್ಲಿ ಸಿಗೋ ಸ್ಪಾಂಜ್ ಇಯರ್‌ಪ್ಲಗ್ಗು. ಅದು ಗಾಳಿನೂ ಕಮ್ಮಿ ಮಾಡುತ್ತೆ, ಹಾಡೂ ಕಮ್ಮಿ ಮಾಡುತ್ತೆ, ಹಾಗಿದ್ರೆ ಲಾಭ ಏನು? ಲಾಭ ಏನಂದ್ರೆ ಎರಡರ ಅನುಪಾತ ಹೆಚ್ಚುಕಮ್ಮಿ ಹಾಗೇ ಉಳ್ಯುತ್ತೆ, ಆದ್ರೆ ಕಿವಿ ಮೇಲಿನ ಹೊರೆ ಇಳಿಯುತ್ತೆ. 95-100 ಡೆಸಿಬಲ್ ಗದ್ದಲದಲ್ಲಿ ಕಿವಿನೇ ಸುಸ್ತಾಗಿ ಯಾವುದು ಏನು ಅಂತ ಬಿಡಿಸಿ ಕೇಳೋ ಶಕ್ತಿ ಕಳ್ಕೊಂಡಿರುತ್ತೆ, ಕೆಳಗಿನ ಶಬ್ದ ಮೇಲಿಂದನ್ನ ನುಂಗೋದೂ ಜೋರು ಜಾಸ್ತಿ ಆದಷ್ಟೂ ಹೆಚ್ಚು. ಒಟ್ಟು ಜೋರು ಇಳಿಸಿದ್ರೆ ಅದೇ ಹಾಡು, ಅದೇ ಗಾಳಿ ಬಿಡಿಬಿಡಿಯಾಗಿ ಕೇಳುತ್ತೆ. ಲಾರಿ ಹಾರ್ನೂ ಕೇಳುತ್ತೆ, ಭಯ ಬೇಡ, ಅದೂ ಗಾಳಿ ಜೊತೆ ಇಳಿಯೋದು ತಾನೆ. ಪ್ಯಾಕೆಟ್ ಮೇಲೆ 33 ಡೆಸಿಬಲ್ ಅಂತೆಲ್ಲಾ ಬರೆದಿರ್ತಾರೆ, ಅದು ಲ್ಯಾಬ್ ಲೆಕ್ಕ, ನಾವು ಅವಸರಕ್ಕೆ ತುರುಕಿದಾಗ ಅಷ್ಟು ಸಿಗಲ್ಲ, ಸಿಕ್ಕಿದಷ್ಟೇ ಸಾಕು. ಸ್ಪಾಂಜಿಂದು ಒಂದು ದೋಷ ಇದೆ, ಮೇಲಿನ ಫ್ರೀಕ್ವೆನ್ಸಿ ಜಾಸ್ತಿ ತಿನ್ನುತ್ತೆ, ಹಾಡು ಮಬ್ಬಾಗುತ್ತೆ, ಅದಕ್ಕೆ ಫಿಲ್ಟರ್ ಇರೋ ಪ್ಲಗ್ ಬರ್ತವೆ, ಇಲ್ಲಾಂದ್ರೆ ಈಕ್ವಲೈಜರಲ್ಲಿ, ಅಂದ್ರೆ ಬೇಸು ಟ್ರೆಬಲ್ಲು ಬೇರೆ ಬೇರೆ ಏರಿಸಿಳಿಸೋ ಸೆಟ್ಟಿಂಗಲ್ಲಿ, ಟ್ರೆಬಲ್ ಏರಿಸ್ಕೊಳ್ಳಿ.

ಇದು ಬರೀ ಹಾಡಿನ ಮಾತಲ್ಲ. ಅಮೆರಿಕದ ನಿಯಾಶ್ ಅನ್ನೋ ಸಂಸ್ಥೆ ಕೆಲ್ಸದ ಜಾಗದ ಶಬ್ದಕ್ಕೆ ಒಂದು ಮಿತಿ ಇಟ್ಟಿದೆ: 85 ಡೆಸಿಬಲ್ ಆದ್ರೆ ದಿನಕ್ಕೆ 8 ಗಂಟೆ, ಅಲ್ಲಿಂದ 3 ಏರಿದಾಗೆಲ್ಲಾ ಟೈಮ್ ಅರ್ಧ. 88ಕ್ಕೆ 4 ಗಂಟೆ, 91ಕ್ಕೆ 2, 94ಕ್ಕೆ 1, 97ಕ್ಕೆ ಅರ್ಧ ಗಂಟೆ, 100ಕ್ಕೆ ಬರೀ 15 ನಿಮಿಷ. ತುಮಕೂರಿಂದ ಬೆಂಗಳೂರು 70 ಕಿಲೋಮೀಟರು, ಹೈವೇಲಿ 100ರ ಆಸುಪಾಸಲ್ಲಿ ಹೋಗಿ ಬಂದ್ರೆ ಗಾಳಿ ಶಬ್ದ ಒಂದೇ ಆ ದಿನದ ಕೋಟಾ ಮುಗಿಸ್ಬಿಟ್ಟಿರುತ್ತೆ, ಅದರ ಮೇಲೆ ಗೆಲ್ಲೋಕೆ ಅಂತ ನೀವು ಇನ್ನೂ ಜೋರಾಗಿ ಹಾಡು ಹಾಕ್ತೀರ. ರಾತ್ರಿ ಮಲಗಿದಾಗ ಕಿವಿ ಒಳಗೆ ಗುಂಯ್ ಅನ್ನುತ್ತಾ, ಅದು ಕಿವಿ ಕೊಡ್ತಿರೋ ನೋಟಿಸ್ಸು. ಒಳಗಿನ ಸೂಕ್ಷ್ಮ ಕೂದಲಿನಂಥ ಜೀವಕೋಶಗಳು ಒಂದ್ಸಲ ಹೋದ್ರೆ ಮತ್ತೆ ಹುಟ್ಟಲ್ಲ.

ಕೆಲವರದ್ದು ಬೇರೆ ಥರದ ಕಂಪ್ಲೇಂಟು, ನಿಂತಿದ್ರೂ ಸೌಂಡ್ ಡಬ್ಬಾ, ಬೇಸೂ ಇಲ್ಲ ಸ್ಟೀರಿಯೋನೂ ಇಲ್ಲ ಅಂತಾರೆ. ಅಲ್ಲಿ ಕಾರಣ ಬ್ಲೂಟೂತ್ ಇರ್ಬೋದು. ಬ್ಲೂಟೂತಲ್ಲಿ ಹಾಡಿಗೊಂದು ದಾರಿ, ಫೋನ್ ಕಾಲಿಗೊಂದು ದಾರಿ. ಹಾಡಿನ ದಾರಿ ಸ್ಟೀರಿಯೋ, ಕ್ವಾಲಿಟಿ ಚೆನ್ನಾಗಿರುತ್ತೆ. ಕಾಲಿನ ದಾರೀಲಿ ಮೈಕೂ ಓಡ್ಬೇಕಾಗಿರೋದ್ರಿಂದ ಶಬ್ದವನ್ನ ಹಿಂಡಿ ಮೋನೋ, ಅಂದ್ರೆ ಎರಡೂ ಕಿವಿಗೆ ಒಂದೇ, ಮಾಡ್ತಾರೆ, ಹಳೇ ಪದ್ಧತೀಲಿ ಸೆಕೆಂಡಿಗೆ 8000 ಸ್ಯಾಂಪಲ್, ಅಂದ್ರೆ 8000 ಸಲ ಶಬ್ದ ಅಳೆದು ಕಳ್ಸೋದು, ಸ್ವಲ್ಪ ಹೊಸದರಲ್ಲಿ 16000. 8000 ಸ್ಯಾಂಪಲ್ ಅಂದ್ರೆ 4000 ಹರ್ಟ್ಸ್ ಮೇಲಿಂದು ಏನೂ ಇರಲ್ಲ, ಸ, ಶ ಎಲ್ಲಾ ಒಂದೇ. ಯಾವ್ದೋ ಆ್ಯಪು ಮೈಕ್ ಹಿಡ್ಕೊಂಡಿದ್ರೆ, ಇಂಟರ್‌ಕಾಮ್ ಆನ್ ಇದ್ರೆ, ಎಷ್ಟೋ ಯೂನಿಟ್‌ಗಳು ಹಾಡನ್ನೂ ಈ ಕಾಲ್ ದಾರಿಗೇ ತಳ್ತವೆ. ಫೋನಿನ ಬ್ಲೂಟೂತ್ ಸೆಟ್ಟಿಂಗಲ್ಲಿ ಆ ಡಿವೈಸ್ ಹೆಸರು ಒತ್ತಿ ನೋಡಿ, ಆಂಡ್ರಾಯ್ಡ್‌ನಲ್ಲಿ ಫೋನ್ ಕಾಲ್ ಬೇರೆ, ಮೀಡಿಯಾ ಬೇರೆ ಸ್ವಿಚ್ ಇರುತ್ತೆ, ಕಾಲಿಂದು ಆಫ್ ಮಾಡಿದ್ರೆ ಹಾಡು ದಾರಿ ತಪ್ಪಲ್ಲ. ಓಡಿಸೋವಾಗ ಕಾಲ್ ಬರದೇ ಇರೋದು ಒಳ್ಳೇದೇ ಅನ್ನಿ. ಹಾಡನ್ನ ಹಿಂಡಿ ಕಳ್ಸೋ ಪದ್ಧತಿ, ಅಂದ್ರೆ ಕೋಡೆಕ್, ಯಾವ್ದು, ಎಸ್‌ಬಿಸಿನಾ ಎಎಸಿನಾ ಅಂತ ತಲೆ ಕೆಡಿಸ್ಕೊಳ್ಳೋದು ಮಾತ್ರ ವೇಸ್ಟು, 80ರ ಗಾಳೀಲಿ ಆ ವ್ಯತ್ಯಾಸ ಕೇಳ್ಸೋ ಕಿವಿ ಇನ್ನೂ ಹುಟ್ಟಿಲ್ಲ.

ಈಕ್ವಲೈಜರಲ್ಲಿ ಎಲ್ರೂ ಮೊದ್ಲು ಮಾಡೋದು ಬೇಸ್ ಬೂಸ್ಟ್ ಫುಲ್. ಮೇಲೆ ಹೇಳ್ದಂಗೆ ಸೀಲಿಲ್ಲದ ಜಾಗದಲ್ಲಿ 100 ಹರ್ಟ್ಸ್ ಕೆಳಗಿಂದು ಕಿವಿಗೆ ಬರೋದೇ ಇಲ್ಲ, ಆದ್ರೆ ಅದನ್ನ ಎಬ್ಸೋಕೆ ಹೋಗಿ ಸ್ಪೀಕರ್ ಹಾಳೆ ವಿಪರೀತ ಕುಣಿಯುತ್ತೆ, ಆಂಪಿನ ಶಕ್ತಿ ಎಲ್ಲಾ ಅಲ್ಲೇ ಖಾಲಿ, ಹಾಡೋರ ದನಿ ಬರಬರ ಅನ್ನೋಕೆ ಶುರು. ಉಲ್ಟಾ ಮಾಡಿ. 100ರ ಕೆಳಗೆ ಇಳಿಸಿ, 2000ದಿಂದ 4000 ಹರ್ಟ್ಸ್ ನಡುವೆ ಮೂರ್ನಾಲ್ಕು ಡೆಸಿಬಲ್ ಏರಿಸಿ. ಗಾಳಿ ಗುಂಯ್ ಅಲ್ಲಿ ಅಷ್ಟಾಗಿ ಇಲ್ಲ, ಮನುಷ್ಯರ ಕಿವಿ ಚುರುಕಾಗಿರೋದೂ ಅಲ್ಲೇ, ಮಾತಿನ ವ್ಯಂಜನಗಳ ಸುಳಿವಿರೋದೂ ಹೆಚ್ಚುಕಮ್ಮಿ ಅಲ್ಲೇ. ಮನೇಲಿ ಕೇಳಿದ್ರೆ ಈ ಸೆಟ್ಟಿಂಗು ಚೀರಾಡಿದಂಗೆ ಅನ್ನಿಸುತ್ತೆ, ರೋಡಲ್ಲಿ ಸರಿ ಹೋಗುತ್ತೆ. ಅತಿಯಾಗಿ ಏರಿಸಿದ್ರೆ ತಲೆನೋವು, ಅದೂ ಗೊತ್ತಿರ್ಲಿ.

ಹಾಡಿನ ಆಯ್ಕೇನೂ ಲೆಕ್ಕಕ್ಕೆ ಬರುತ್ತೆ. ಹಳೇ ಹಾಡುಗಳಲ್ಲಿ, ಶಾಸ್ತ್ರೀಯ ಸಂಗೀತದಲ್ಲಿ ಮೆಲ್ಲಗಿರೋದು ಮೆಲ್ಲಗೇ ಇರುತ್ತೆ, ಜೋರು ಜೋರಾಗೇ ಇರುತ್ತೆ, ಆಲಾಪದ ಆ ಮೆಲ್ಲನೆ ಭಾಗ ಎಲ್ಲಾ ಗಾಳಿಗೆ ಆಹುತಿ. ಈಗಿನ ಹಾಡುಗಳನ್ನ ಒತ್ತಿ ಒತ್ತಿ ಎಲ್ಲಾ ಒಂದೇ ಜೋರಿಗೆ ತಂದಿರ್ತಾರೆ, ಮನೇಲಿ ಅದು ಕಿರಿಕಿರಿ, ಹೆಲ್ಮೆಟ್ಟಲ್ಲಿ ಅದೇ ವರ. ಕೆಲವು ಮ್ಯೂಸಿಕ್ ಆ್ಯಪುಗಳಲ್ಲಿ ವಾಲ್ಯೂಮ್ ಲೆವೆಲ್ ಲೌಡ್ ಅಂತ ಆಪ್ಷನ್ ಇರುತ್ತೆ, ರೈಡಿಗೆ ಅದನ್ನ ಹಾಕ್ಕೊಳ್ಳಿ.

ಇಷ್ಟೆಲ್ಲಾ ಮಾಡಿದ ಮೇಲೂ ಸಾಲಲ್ಲ ಅಂದ್ರೆ ಆಗ ಸ್ಪೀಕರ್ ಬದಲಿಸೋ ಮಾತು. ಇಡೀ ಕಿಟ್ ಬೇಡ, ಯೂನಿಟಿಗೆ 3.5 ಮಿ.ಮೀ. ಜಾಕ್ ಇದ್ರೆ ಬರೀ ಸ್ಪೀಕರ್ ಜೋಡಿ ಹಾಕ್ಬೋದು. ನೋಡ್ಬೇಕಾಗಿರೋದು ದಪ್ಪ, ಸೆನ್ಸಿಟಿವಿಟಿ, ಓಮ್ಸ್. ಸೆನ್ಸಿಟಿವಿಟಿ ಅಂದ್ರೆ ಒಂದು ಮಿಲಿವ್ಯಾಟ್ ಕೊಟ್ರೆ ಎಷ್ಟು ಡೆಸಿಬಲ್ ಕೊಡುತ್ತೆ ಅಂತ, ಅದು 3 ಜಾಸ್ತಿ ಇದ್ರೆ ಆಂಪು ಎರಡು ಪಟ್ಟು ದೊಡ್ಡದಾದಂಗೆ. ಓಮ್ಸ್ ಅಂದ್ರೆ ಸ್ಪೀಕರು ಕರೆಂಟಿಗೆ ಒಡ್ಡೋ ತಡೆ, ಅದು 32 ಇದ್ದ ಕಡೆ 16ರದ್ದು ಹಾಕಿದ್ರೆ ಅದೇ ವೋಲ್ಟೇಜಿಗೆ ಎರಡು ಪಟ್ಟು ಪವರ್ ಎಳೆಯುತ್ತೆ, ಸೌಂಡ್ ಏರುತ್ತೆ, ಆದ್ರೆ ಆಂಪಿಗೆ ತಾಕತ್ತಿಲ್ಲ ಅಂದ್ರೆ ಬಿಸಿಯಾಗಿ ಒಡಕು ದನಿ ಬರುತ್ತೆ, ಬ್ಯಾಟರಿನೂ ಬೇಗ ಇಳಿಯುತ್ತೆ. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಬಿಡಿ ಸ್ಪೀಕರ್ ಬಿಲ್ಲೆ ತಂದು ಬೆಸುಗೆ ಹಾಕೋ ಉತ್ಸಾಹಿಗಳು ಪ್ಲಸ್ ಮೈನಸ್ ಜೋಪಾನ. ಒಂದು ಕಡೆ ಉಲ್ಟಾ ಆದ್ರೆ ಎರಡೂ ಕೆಲ್ಸ ಮಾಡ್ತವೆ, ಆದ್ರೆ ಹಾಡೋರು ತಲೆ ಮಧ್ಯ ನಿಲ್ಲೋ ಬದ್ಲು ಎಲ್ಲೋ ಹರಡಿ ಹೋದಂಗೆ ಅನ್ನಿಸುತ್ತೆ. 1.5 ವೋಲ್ಟ್ ಸೆಲ್ಲನ್ನ ಕ್ಷಣ ಮಾತ್ರ ಮುಟ್ಟಿಸಿ ನೋಡಿ, ಎರಡೂ ಹಾಳೆ ಒಂದೇ ದಿಕ್ಕಿಗೆ ನೆಗೆದ್ರೆ ಸರಿ ಇದೆ.

ನಮ್ಮ ಕಡೆ ಕೆಂಪು ಧೂಳು, ಬೆವರು ಸೇರಿ ಸ್ಪೀಕರ್ ಮುಂದಿನ ಬಟ್ಟೆ ಮೇಣದಂಗೆ ಮುಚ್ಕೊಂಡಿರುತ್ತೆ, ಟ್ರೆಬಲ್ ಹೋಗೋಕೆ ಅದೂ ಒಂದು ಕಾರಣ, ಆಗಾಗ ಒಣ ಬ್ರಷ್ಷಲ್ಲಿ ಉದುರಿಸಿ. ಹೆಲ್ಮೆಟ್ಟನ್ನ ಮಧ್ಯಾಹ್ನದ ಬಿಸಿಲಲ್ಲಿ ಕನ್ನಡಿಗೆ ನೇತಾಕಿ ಹೋಗ್ಬೇಡಿ, ಲಿಥಿಯಂ ಬ್ಯಾಟರಿಗೆ ಬಿಸಿ ಆಗಿಬರಲ್ಲ.

ಸರಿ ಹೋಯ್ತಾ ಇಲ್ವಾ ಅಂತ ನೋಡೋಕೆ ಒಂದೇ ರಸ್ತೆ, ಒಂದೇ ಸ್ಪೀಡು, ಒಂದೇ ವಾಲ್ಯೂಮ್ ಇಟ್ಕೊಂಡು ಒಂದ್ಸಲಕ್ಕೆ ಒಂದೇ ಬದಲಾವಣೆ ಮಾಡಿ, ಕ್ಯಾತ್ಸಂದ್ರದಿಂದ ದಾಬಸ್‌ಪೇಟೆ ತನಕ ಸಾಕು. ಬಾಯಿಪಾಠ ಇರೋ ಹಾಡು ಹಾಕಿ ಟೆಸ್ಟ್ ಮಾಡಿದ್ರೆ ಮಾತ್ರ ಮೋಸ ಹೋಗ್ತೀರ, ಅರ್ಧ ಕೇಳದೇ ಇದ್ರೂ ಮಿಕ್ಕಿದ್ದನ್ನ ಮೆದುಳೇ ತುಂಬ್ಕೊಂಡು ಚೆನ್ನಾಗೇ ಕೇಳ್ತಿದೆ ಅನ್ನಿಸಿಬಿಡುತ್ತೆ. ಮುಂಚೆ ಕೇಳಿರದ ನ್ಯೂಸೋ ಯಾವುದಾದ್ರೂ ಭಾಷಣವೋ ಹಾಕಿ, ಇಳಿದ್ಮೇಲೆ ಅದರಲ್ಲಿ ಬಂದ ಹೆಸರು, ಅಂಕಿ ಎಷ್ಟು ನೆನಪಿದೆ ನೋಡಿ.